ಗಲ್ಲ ಬಡಕೊಳ್ಳುವ ಮಲಕಾಜಪ್ಪ

ಸಂಖ ಊರಿನ ಬೇದಾಣಾ ಶೆಡ್ಡಿನ್ಯಾಗ ಒಣದ್ರಾಕ್ಷಿ ಹಸನ ಮಾಡೋ ಮಂದಿ ಭಾಳ ಅದಾರ, ಖರೆ ಮಲಕಾಜಪ್ಪನಂಗ ಹಸನ ಮಾಡಾಂವ ಒಬ್ಬನೂ ಇಲ್ಲ. ಮೂವತ್ತೊಂದು ವರ್ಷದ ಆಳು. ಕಡ್ಡಿ ಒಂದು ಕಡೆ, ಕರಿ ಕಾಳು ಒಂದು ಕಡೆ, ಹಸರಾಗಿ ಮಿಂಚೋವು ಒಂದು ಕಡೆ. ಮುಂಜಾನಿ ಕುಂತನಂದ್ರ ಊಟಕ್ಕ ಕರಿಯೋತನಕ ಕತ್ತು ಎತ್ತಾಂವಲ್ಲ. ಬಾಯಾಗ ಇರೋ ಮಾತು ಐದೋ ಆರೋ. ಸಾಲ್ಯಾಗ ಮಾಸ್ತರು ಒಂದು ವಾರ ಇಟ್ಟುಕೊಂಡು ಮನಿಗೆ ಕಳಿಸಿದ್ರು. ಬುದ್ಧಿ ಬೆಳದಿಲ್ಲ, ಅದರ ಜೋಡಿ ಆಟಿಸಂ ಐತಿ ಅಂತ ದೊಡ್ಡ ದವಾಖಾನ್ಯಾಗ ಬರದು ಕೊಟ್ಟಿದ್ರು. ಅಕ್ಕ ಹಾಲವ್ವ ಆ ಕಾಗದ ಟ್ರಂಕಿನ್ಯಾಗ ಹಾಕಿ ಕೀಲಿ ಜಡದಿದ್ಳು. ತಾಯಿ ಸತ್ತಾಗಿಂದ ತಮ್ಮನ್ನ ಗಂಡನ ಮನ್ಯಾಗಽ ಇಟ್ಟುಕೊಂಡು ಸಾಕಿದಾಕಿ ಆಕಿ. ಅವನ ಸಂಕಟ ತನಗ ತಿಳದಷ್ಟು ಯಾವ ಡಾಕ್ಟರಗೂ ತಿಳಿಯಂಗಿಲ್ಲ ಅಂತ ಆಕಿಗೆ ಒಂದು ಠೇಂಕಾರ ಇತ್ತು.

ದೇವರ ಮುಂದ ಗಲ್ಲ ಬಡಕೊಳ್ಳೋದು ಅವಗ ಕಲಿಸಿದಾಕಿನೂ ಆಕಿನಽ. ಕೈ ಹಿಡದು ಎರಡೂ ಗಲ್ಲಕ್ಕ ಮೆಲ್ಲಕ ಬಡಿಸಿ, ತಪ್ಪಾತಪ್ಪಾ ಅನ್ನು ಅಂತಿದ್ಳು. ಮಾತು ಬರಲಿಲ್ಲ, ಬಡಕೊಳ್ಳೋದು ಬಂತು. ಹೋದ ಸಂಕ್ರಮಣ ಆದ ಮ್ಯಾಲೆ ಅವ ದೇವರ ಜಗಲಿ ಮುಂದಷ್ಟಽ ಅಲ್ಲ, ಶೆಡ್ಡಿನ್ಯಾಗ, ಹಿತ್ತಲದಾಗ, ಹಾಸಿಗ್ಯಾಗ, ಎಲ್ಲಿ ಕುಂತ್ರೂ ಬಡಕೊಳ್ಳಾಕ ಹತ್ತಿದ. ಇವಗ ಭಕ್ತಿ ಉಕ್ಕಿ ಹರದೈತಿ ಅಂತ ಶೆಡ್ಡಿನ ಹೆಣ್ಮಕ್ಕಳು ನಕ್ಕರು. ಹಾಲವ್ವನೂ ನಕ್ಕಳು. ಸುಳ್ಳ್ಯಾಕ ಹೇಳೋದು, ಹಿಗ್ಗಿದ್ಳು ಕೂಡ. ಗುಡಿಗೆ ಹೋಗಿ ಕಾಯಿ ಒಡಸಿದ್ಳು. ಅವ ಎಡಗಡೆ ಅಷ್ಟಽ ಬಡಕೊಳ್ತಾನ, ಗಲ್ಲಕ್ಕಲ್ಲ, ಕಿವಿ ಬುಡಕ್ಕ ಬಡಕೊಳ್ತಾನ ಅನ್ನೋದು ಆಕಿ ಕಣ್ಣಿಗೆ ಬಿದ್ದಿತ್ತು, ತಲಿಗೆ ಹೋಗಲಿಲ್ಲ.

ಹದಿನೈದು ದಿನಕ್ಕ ಅವ ರೊಟ್ಟಿ ದೂಡಿದ. ಚೀರಾಕ ಹತ್ತಿದ. ಒಂದಿನ ಬೇದಾಣಾ ಬುಟ್ಟಿ ಒದ್ದ. ನಾಳಿಂದ ಕಳಿಸಬ್ಯಾಡ್ರಿ ಅಂತ ಶೆಡ್ಡಿನವರು ಹೇಳಿ ಕಳಿಸಿದ್ರು. ಆವಾಗ ಹಾಲವ್ವಗ ಅಂಜಿಕಿ ಬಂತು. ತನಗ ಹೊಲದಾಗ ಜೋಳದ ರಾಶಿ. ಗಂಡ ಸೋಮನಿಂಗಪ್ಪಗ ಕೈ ಮುಗದು, ಜತ್ತಿಗೆ ಕರಕೊಂಡು ಹೋಗ್ರಿ, ಹಲ್ಲು ಕಿವಿ ಹೊಟ್ಟಿ ಎಲ್ಲಾ ನೋಡಸ್ರಿ, ಅವಗ ಹೇಳಾಕ ಬರಂಗಿಲ್ಲ ಅಂದ್ಳು. ಗಂಡ ಮಂದಿ ತುಂಬಿಕೊಂಡು ಓಡಾಡೋ ವಡಾಪ ಜೀಪಿನ್ಯಾಗ ಕರಕೊಂಡು ಹೋಗಿ ಸಂಜಿಗೆ ಬಂದ. ಎಲ್ಲಾ ನೋಡ್ಯಾರ, ಮೈಯಾಗ ಏನೂ ಇಲ್ಲ, ಇಂಥವರು ಹಿಂಗಽ ಮಾಡ್ತಾರಂತ, ಅಂದು ಗುಳಿಗಿ ಮುಂದ ಇಟ್ಟ.

ಗುಳಿಗಿಗೆ ಮಲಕಾಜಪ್ಪ ಬಾಯಿ ತಗೀಲಿಲ್ಲ. ಹಾಲವ್ವ ಅರದು ಮಜ್ಜಿಗ್ಯಾಗ ಕಲಸಿದ್ಳು. ಮೊದಲನೇ ಗುಟುಕಿಗೆ ಅವ ಮಾರಿ ಕಿವಿಚಿ ಅಕ್ಕನ್ನ ನೋಡಿದ. ಆಕಿ ನಕ್ಕೋತ, "ಕುಡಿ ತಮ್ಮಾ, ಬರೇ ಮಜ್ಜಿಗಿ" ಅಂದ್ಳು. ಅಕ್ಕ ಅಂದಳಂತ ಕುಡದ. ಚೀರೋದು ನಿಂತಿತು. ಮನಿ ತಣ್ಣಗಾತು. ಅವ ಜೊಲ್ಲು ಸುರಿಸ್ಕೋತ ಮೂಲ್ಯಾಗ ಬಿದ್ದುಕೊಂಡ, ಈಕಿ ಡಾಕ್ಟರ ಕೈಗುಣ ಹೊಗಳ್ಕೋತ ತಿರಗಿದ್ಳು.

ಒಂದೂವರೆ ತಿಂಗಳ ಮ್ಯಾಲೆ ಕ್ಷೌರ ಮಾಡಾಕ ಬಂದ ವಿಠೋಬ ಅವನ ಕತ್ತು ಹೊರಳಿಸಿದಾಂವನಽ ಮೂಗು ಮುಚ್ಚಿಕೊಂಡ. ಎಡಗಿವ್ಯಾಗಿಂದ ಕೀವು ಇಳದು ಕತ್ತಿನ ಮ್ಯಾಲೆ ಒಣಗಿತ್ತು, ಕಿವಿ ಹಿಂದ ನಿಂಬಿಕಾಯಿಯಷ್ಟು ಬಾವು. ಡಾಕ್ಟರು ಎಲ್ಲಾ ನೋಡ್ಯಾರಲ್ಲ ಅಂದ್ಳು ಹಾಲವ್ವ.

"ಯಾವಾಗ ನೋಡ್ಯಾರವ್ವಾ? ಅವತ್ತು ನಾನೂ ಅದಽ ಜೀಪಿನ್ಯಾಗಿದ್ದೆ. ಇವನ್ನ ಇಳಿಸಲೇ ಇಲ್ಲ, ನಾನಽ ಕಾಯ್ಕೋತ ಕುಂತಿದ್ದೆ. ನಿಮ್ಮ ಯಜಮಾನ್ರು ಒಬ್ಬರಽ ಒಳಗ ಹೋಗಿ ಚೀಟಿ ಬರಸ್ಕೊಂಡು ಬಂದ್ರು."

ಸೋಮನಿಂಗಪ್ಪ ಇಲ್ಲ ಅನ್ನಲಿಲ್ಲ. ದವಾಖಾನಿ ತುಂಬ ನಮ್ಮವರಽ ಇದ್ರು, ಇವ ಚೀರಿದ್ರ ನನ್ನ ಮಾರಿ ಎಲ್ಲಿ ಇಟಗೊಳ್ಳಲಿ, ಅಂದ. ಇಪ್ಪತ್ತೆರಡು ವರ್ಷ ನಂಬಿ ಬಾಳೇವು ಮಾಡಿದ ಗಂಡ! ಅಲ್ರೀ, ಎಮ್ಮಿಗೆ ಜಡ್ಡಾದ್ರ ದನದ ಡಾಕ್ಟರ ಕೊಟ್ಟಿಗಿತನಕ ಬಂದು ಬಾಲ ಎತ್ತಿ ನೋಡ್ತಾನ. ಈ ಮನಶ್ಯಾನ್ನ ಕಣ್ಣಿಲೆ ಕಾಣದಽ ಔಷಧ ಬರದ್ರು. ಬರಿಯಾಂವಗ ನಾಚಿಕಿಲ್ಲ, ಬರಸಾಂವಗ ಮಾತ್ರ ನಾಚಿಕಿ. ಹಾಲವ್ವ ಗಂಡನ್ನ ಕೇಳದಽ ಮರುದಿನ ತಮ್ಮನ್ನ ಮಿರಜಿಗೆ ಕರಕೊಂಡು ಹೋದ್ಳು.

ಅಲ್ಲಿ ಡಾಕ್ಟರಬಾಯಿ ತಾಸುಗಟ್ಟಲೆ ತಾಳಿಕೊಂಡು, ಕಿವಿ ನೋಡೋ ದೀಪ ಅವಗ ಮುಟ್ಟಾಕ ಕೊಟ್ಟು, ಕಿವಿ ನೋಡಿದ್ಳು. ಒಳಗಿನ ಎಲುಬಿಗೆ ಕೀವು ಹತ್ತೈತಿ, ಆಪರೇಷನ್ ಮಾಡಬೇಕು, ಜೀವಕ್ಕ ಧಕ್ಕಿಲ್ಲ, ಆದ್ರ ಆ ಕಿವಿ ಹೋಗೇತಿ, ಇನ್ನ ಕೇಳಸಂಗಿಲ್ಲ ಅಂದ್ಳು. ಇಷ್ಟು ದಿನ ಇಂಥಾ ಬ್ಯಾನಿ ಹೆಂಗ ತಡಕೊಂಡ, ಏನೂ ಹೇಳಲಿಲ್ಲೇನು ಅಂತ ಕೇಳಿದ್ಳು.

"ಹೇಳ್ಯಾನ್ರಿ ಡಾಕ್ಟರಬಾಯಿ, ದಿನಾ ಹೇಳ್ಯಾನ. ನಾವು ಕಾಯಿ ಒಡಸೀವಿ, ಆಮ್ಯಾಲೆ ಗುಳಿಗಿ ಕುಡಿಸೀವಿ."

ಗುಳಿಗಿ ಅಮಲು ಇಳದಂಗ ಮಲಕಾಜಪ್ಪನ ಕಣ್ಣು ತಿಳಿಯಾದ್ವು. ಆಪರೇಷನ್ ದಿನ ಮುಂಜಾನಿ ಹಾಲವ್ವ ಕಾಟಿನ ಬಾಜೂಕ ಕುಂತು, ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದ್ಳು. ಗಂಡ ನನಗ ಸುಳ್ಳು ಹೇಳಿದ ಅಂದ್ಳು. ಆಮ್ಯಾಲೆ, "ನಾ ನಿನಗ ಸುಳ್ಳು ಹೇಳಿದೆ ತಮ್ಮಾ. ಅದು ಬರೇ ಮಜ್ಜಿಗಿ ಅಲ್ಲ" ಅಂದ್ಳು. ಅವ ಹೊರಳಿ ನೋಡಲಿಲ್ಲ. ತಾ ಕುಂತದ್ದು ಎಡಗಡೆ ಅಂತ ಆಕಿಗೆ ಅರುವಾತು. ಎದ್ದು ಈ ಕಡೆ ಸುತ್ತಿ ಬಂದು, ಬಲಗಿವಿಗೆ ಬಗ್ಗಿ, ತಮ್ಮಾ ಅಂತ ಇನ್ನೊಮ್ಮೆ ಚಾಲೂ ಮಾಡಿದ್ಳು.

ಮಲಕಾಜಪ್ಪ ಆಕಿ ಮಾರಿ ನೋಡಿದ, ಆ ಬಲಗಿವೀನ ಅಂಗೈಲೆ ಗಟ್ಟಿ ಮುಚ್ಚಿಕೊಂಡ.