ಗೋಕಾಕದಿಂದ ತಂದ ಅರ್ಧ ಮಾತು

ನೀಲಾ, ಗೋಕಾಕದ ಡಾಕ್ಟರು ಅವತ್ತು ಹೇಳಿದ್ದನ್ನು ನಾನು ನಿನಗೆ ಪೂರ್ತಿ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ.

ಇವತ್ತು ಹುಕ್ಕೇರಿಯಿಂದ ನಿನ್ನ ಫೋನು ಬಂದಾಗ ನಾನು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನು ಎತ್ತಿದೆ. ಅಲ್ಲಿ ಹೊಸ ಡಾಕ್ಟರಿಗೆ ಕೈ ತೋರಿಸಿದ್ದನ್ನು ನೀನು ನಗುತ್ತಲೇ ಹೇಳಿದೆ.

"ಅಕ್ಕಾ, ನರಾ ಹೊಳ್ಳಿ ಬಂದೈತಂತ. ಬೆರಳಿಗಿ ಚಹಾದ ಬಿಸಿ ಹತ್ತತೈತಿ. ಖರೆ ಬೆರಳು ಬಿಚ್ಚವಲ್ವು. ಆವಾಗ ದಿನಾ ಮಡಚಿ ಬಿಚ್ಚಿ ಮಾಡ್ತಿದ್ರೇನು ಅಂತ ಕೇಳಾಕತ್ತಾರ. ಮಾಡ್ಲಾರದಕ್ಕ ಬಿರುಸಾಗಿದ್ರ ಒಂದು ಇಲಾಜಂತ, ಮಾಡಿದ್ರೂ ಹಿಂಗಾಗಿದ್ರ ಬ್ಯಾರೆ ಇಲಾಜಂತ. ಗೋಕಾಕದ ಡಾಕ್ಟರು ನಿಮಗೇನರ ಹೇಳಿದ್ರೇನ್ರಿ?"

"ನೆನಪಿಲ್ಲವ್ವಾ," ಎಂದೆ ನಾನು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನು ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ನೆನಪಿದೆ ನೀಲಾ. ಒಂದೊಂದು ಮಾತೂ ನೆನಪಿದೆ.

ಆಗ ನಾವಿಬ್ಬರೂ ಮಸಗುಪ್ಪಿಯ ಈ ಮನೆಯ ಸೊಸೆಯರು — ನಾನು ಹಿರಿಯಳು, ನೀನು ಕಿರಿಯಳು. ಉಪ್ಪಿನಕಾಯಿಯ ಗಾಜಿನ ಭರಣಿ ಒಡೆದು ನಿನ್ನ ಎಡಗೈ ಮಣಿಕಟ್ಟು ಕೊಯ್ದುಹೋಯಿತು. ಗೋಕಾಕದಲ್ಲಿ ನರ ಹೊಲಿದರು. ಕಟ್ಟು ಬಿಚ್ಚುವ ದಿನ ನೀನು ಒಳಗೆ ನರ್ಸಿನ ಮುಂದೆ ಕೂತಿದ್ದಾಗ, ಮನೆಯ ಹಿರಿಯಳೆಂದು ಡಾಕ್ಟರು ನನ್ನನ್ನು ಕರೆದರು.

"ನರಾ ಹೊಲದೀವಿ. ಆದ್ರ ಕೊಯ್ದಲ್ಲಿಂದ ಬೆರಳಿನ ತನಕ ಇದ್ದ ಹಳೇ ನರಾ ಉಳಿಯಂಗಿಲ್ಲ. ಅದರಾಗಿನ ಪ್ರೋಟೀನೆಲ್ಲಾ ಅಲ್ಲಿನ ಜೀವಕೋಶಗಳೇ ಒಡದು ಕರಗಿಸಿಬಿಡ್ತಾವು."

"ಅಂದ್ರ ಒಳಗ ಕೊಳೀತೈತೇನ್ರಿ?"

"ಕೊಳಿಯೂದಲ್ಲವ್ವಾ. ಕಬ್ಬು ಕಡದ ಮ್ಯಾಲ ನೀವು ಹೊಲದಾಗಿನ ಒಣಾ ಎಲಿ, ರವದಿ ತಗೀತೀರಲ್ಲ, ಹಂಗ. ಸ್ವಚ್ಛ ಆದ ಹಾದ್ಯಾಗ ಮ್ಯಾಲಿಂದ ಹೊಸಾ ನರಾ ನಿಧಾನಕ್ಕ ಇಳದ ಬರ್ತೈತಿ. ಅದು ಬರೂತನಕ ಬೆರಳು ಬಿರುಸಾಗಬಾರದು. ದಿನಾ ನೀವ ಹಿಡದು ಮಡಚ್ರಿ, ಬಿಚ್ಚರಿ. ನಡುನಡುವ ಇಲ್ಲಿಗೆ ಕರಕೊಂಡ ಬರ್ರಿ."

ತಿಳಿಯಿತು. ಕಬ್ಬಿನ ಮಾತಿನಲ್ಲಿ ಹೇಳಿದರೆ ತಿಳಿಯದೆ ಇರುತ್ತದೆಯೇ.

ಬಸ್ಸಿನಲ್ಲಿ ನೀನು ಕೇಳಿದೆ — "ಏನಂದ್ರಕ್ಕಾ?" ನಾನು ಕಿಟಕಿಯ ಹೊರಗೆ ನೋಡುತ್ತ ಹೇಳಿದೆ: "ಒಳಗ ನರಾ ಕರಗಿ ಹೊಂಟೈತಂತ. ಕೈ ಅಲುಗಾಡಸಬ್ಯಾಡ." ಅರ್ಧ ಮಾತು ನಿನಗೆ ಕೊಟ್ಟೆ. ಇನ್ನರ್ಧ ನನ್ನಲ್ಲೇ ಇಟ್ಟುಕೊಂಡೆ.

ಯಾಕೆ ಎಂದರೆ — ಬರೆಯಲು ನಾಚಿಕೆಯಾಗುತ್ತದೆ. ಅತ್ತೆಗೆ ನೀನು ಬಡಿದ ರೊಟ್ಟಿಯೇ ಬೇಕಿತ್ತು. "ದೊಡ್ಡಾಕಿ ರೊಟ್ಟಿ ಚಪ್ಪಲಿ ಹಂಗ ಕಾಲಾಗ ಮೆಟ್ಟಾಕ ಬರ್ತಾವು" ಎಂದು ಬಂದವರ ಮುಂದೆ ನಗುತ್ತಿದ್ದರು. ಬಂದವರೂ ನಗುತ್ತಿದ್ದರು, ಒಮ್ಮೊಮ್ಮೆ ನೀನೂ. ನಿನ್ನ ಕೈ ಕೆಲಸಕ್ಕೆ ಬಾರದಂತಾದ ಮೇಲೆ ಅವರು ನನ್ನ ರೊಟ್ಟಿ ತಿಂದರು. ಮಾತಾಡದೆ ತಿಂದರು. ನನಗೆ ಅಷ್ಟೇ ಬೇಕಾಗಿತ್ತು — ಅಷ್ಟಕ್ಕೆ ಒಂದು ಕೈ.

ನಿನ್ನ ಬೆರಳು ಒಳಕ್ಕೆ ಮಡಚಿಕೊಳ್ಳುತ್ತ ಹೋದವು. ನಾನು ದಿನವೂ ಅವುಗಳ ಮೇಲೆ ವಿಭೂತಿ ಹಚ್ಚಿದೆ. ಹಚ್ಚಿದೆ, ಬಿಡಿಸಲಿಲ್ಲ; ಮತ್ತೆ ಗೋಕಾಕಕ್ಕೂ ಕರೆದೊಯ್ಯಲಿಲ್ಲ. ಒಂದು ಬೆಳಗ್ಗೆ ಪೂಜೆಗೆ ಕೂತಾಗ ನಿನ್ನ ಎಡ ಅಂಗೈಯಲ್ಲಿ ಲಿಂಗ ನಿಲ್ಲಲಿಲ್ಲ. ಜಾರಿ ಮಡಿಲಿಗೆ ಬಿತ್ತು. ನೀನು ಹೆದರಿ ನನ್ನ ಕಡೆ ನೋಡಿದೆ.

"ಅಕ್ಕಾ, ಬಲಗೈಯಾಗ ಹಿಡಕೊಂಡ್ರ ನಡೀತೈತೇನ್ರಿ?"

"ಶಿವಾ ಜೀವಾ ಉಳಿಸ್ಯಾನಲ್ಲ, ಅಷ್ಟಕ್ಕ ಕೈ ಮುಗಿ," ಎಂದೆ ನಾನು.

ನೀನು ಮುಗಿದೆ. ಬಿಚ್ಚಿದ ಬಲಗೈ, ಅದಕ್ಕೆ ಒತ್ತಿಕೊಂಡ ಎಡಗೈ ಮುಷ್ಟಿ. ನಾನು ಆ ಕಡೆ ತಿರುಗಿ ದೀಪದ ಬತ್ತಿ ಸರಿಮಾಡಿದೆ.

ಪೂಜೆ ಮುಗಿದ ಮೇಲೆ ಶಿವ ಕೊಟ್ಟ ಸಣ್ಣಪುಟ್ಟದ್ದನ್ನು ನೆನೆಸಿಕೊಳ್ಳುವುದು ನನ್ನ ರೂಢಿ — ನಲ್ಲಿಗೆ ನೀರು ಬಂತು, ಎಮ್ಮೆ ಒದೆಯದೆ ಹಿಂಡಿಸಿಕೊಂಡಿತು, ಮೊಣಕಾಲು ಇವತ್ತು ನೋಯಲಿಲ್ಲ. ನೀನು ಯಾರನ್ನೂ ಬೈಯದೆ ಒಂದೇ ಕೈಯಲ್ಲಿ ಮನೆಗೆಲಸ ಮಾಡಿಕೊಂಡು ಹೋದದ್ದನ್ನು ಆ ಲೆಕ್ಕಕ್ಕೆ ಸೇರಿಸಲು ಹೋದರೆ ಮಾತ್ರ — ಅಲ್ಲಿಗೇ ನಿಂತುಬಿಡುತ್ತೇನೆ.

ಅತ್ತೆ ತೀರಿಕೊಂಡರು. ನೀವು ಹುಕ್ಕೇರಿಯಲ್ಲಿ ಅಂಗಡಿ ಹಾಕಿದಿರಿ. ನಮ್ಮವರು ಹೊಲದಿಂದ ಬಂದು ಉಂಡು ಮಲಗುತ್ತಾರೆ. ಈಗ ನನ್ನ ರೊಟ್ಟಿ ಚೆನ್ನಾಗಿದೆ ಎನ್ನುವವರೂ ಇಲ್ಲ, ಕಾಲಲ್ಲಿ ಮೆಟ್ಟಬಹುದು ಎನ್ನುವವರೂ ಇಲ್ಲ. ನಿನ್ನ ನರ ಮಾತ್ರ, ಯಾರೂ ಕರೆಯದಿದ್ದರೂ, ಕತ್ತಲ ದಾರಿಯಲ್ಲಿ ತಾನೇ ಇಳಿದು ಬೆರಳಿನ ತುದಿಯವರೆಗೂ ಬಂದಿದೆ. ಬಂದು ನೋಡಿದರೆ ಬಾಗಿಲು ನಾನು ಮುಚ್ಚಿಟ್ಟಿದ್ದೇನೆ.

ಫೋನಿನಲ್ಲಿ ಹೇಳಿಬಿಟ್ಟರೆ ನಿನ್ನ ಮುಖ ನೋಡುವುದು ತಪ್ಪುತ್ತದೆ. ತಪ್ಪಬಾರದು. ನಾಳೆ ಮೊದಲ ಬಸ್ಸಿಗೆ ಹುಕ್ಕೇರಿಗೆ ಬರುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಟ್ಟು ಎದುರಿಗೇ ಕೂತಿರುತ್ತೇನೆ. ಆಮೇಲೆ ಡಾಕ್ಟರ ಮುಂದೆ ನಾನೇ ಹೇಳುತ್ತೇನೆ — ಒಂದು ದಿನವೂ ಮಡಚಿ ಬಿಚ್ಚಲಿಲ್ಲ, ಅಲುಗಾಡಿಸಬೇಡ ಎಂದವಳು ನಾನು. ಅದಾದ ಮೇಲೆ ನೀನು ನನ್ನನ್ನು ಅಕ್ಕ ಎನ್ನುತ್ತೀಯೋ ಇಲ್ಲವೋ —

ಇಷ್ಟು ಬರೆಯುವಷ್ಟರಲ್ಲಿ ಹಿಟ್ಟು ಆರಿ ಬಿರುಕು ಬಿಟ್ಟಿದೆ. ಬಿಸಿನೀರು ಹಾಕಿ ಮತ್ತೆ ನಾದಬೇಕು.