ನಾಲಿಗೆಯ ಮೇಲೆ ಒಂದು ಚಿಟಿಕೆ ಮರಳು

ಸಿರುಗುಪ್ಪದಲ್ಲಿ ನನ್ನ ತಂಗಿಯ ಮನೆಯ ಸ್ಲ್ಯಾಬಿನಿಂದ ಒಂದು ಮಧ್ಯಾಹ್ನ ಕಾಂಕ್ರೀಟಿನ ತುಂಡೊಂದು ಕಳಚಿ ಅವಳ ದಿಂಬಿನ ಮೇಲೆ ಬಿತ್ತು. ಮಜ್ಜಿಗೆ ಕುಡಿಯಲೆಂದು ಅವಳು ಆಗತಾನೆ ಎದ್ದು ಹೋಗಿದ್ದಳು, ಅಷ್ಟೇ. ಅಂದಿನಿಂದ ಆಕೆ ಸ್ಲ್ಯಾಬಿನ ಕೆಳಗೆ ಮಲಗುವುದನ್ನೇ ಬಿಟ್ಟಳು. ಎಪ್ಪತ್ತರ ವಯಸ್ಸಿನಲ್ಲಿ ಅಂಗಳದ ತಗಡಿನ ಶೆಡ್ಡಿನಲ್ಲಿ ಮಂಚ ಹಾಕಿಕೊಂಡಳು. ಬಳ್ಳಾರಿಗೆ ಬಂದುಬಿಡು, ನನ್ನ ಮನೆಯ ಹಿಂದೆ ನಿನಗೊಂದು ರೂಮು ಕಟ್ಟಿಸುತ್ತೇನೆ ಎಂದೆ. ಬರಲು ಒಪ್ಪಿದಳು, ಒಂದೇ ಕಂಡಿಷನ್ ಮೇಲೆ: "ಮರಳು ಮಾತ್ರ ನೀನ ನಿಂತು ನೋಡಬೇಕು, ಅಕ್ಕಾ."

ಬಿದ್ದ ತುಂಡನ್ನು ತೋರಿಸಲು ನಮ್ಮ ಮೇಸ್ತ್ರಿಯನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಓಣಿಯ ಅರ್ಧ ಮನೆಗಳ ಸ್ಲ್ಯಾಬು ಹಾಕಿದ ಹಿರಿಯ ಅವರು. ತುಂಡನ್ನು ಉಗುರಿನಿಂದ ಕೆರೆದರು, ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರು, ಥೂ ಎಂದು ಉಗುಳಿದರು.

"ಸವಳು ಐತ್ರಿ ಅಮ್ಮಾರ. ಗದ್ದಿ ಬಾಜು ಹಳ್ಳದ ಮರಳು ಹಾಕ್ಯಾರ. ಉಪ್ಪು ಒಳಗ ಕುಂತು ಕಬ್ಬಿಣ ತಿಂದೈತಿ."

ನಾನು ಬೆರಗಾಗಿ ನೋಡಿದೆ. ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಲ್ಯಾಬಿನ ಬಾಗಿಲಲ್ಲೇ ನಮ್ಮನ್ನು ತಡೆದು, "ನಥಿಂಗ್ ಗೋಸ್ ಇನ್ ಯುವರ್ ಮೌತ್, ಗರ್ಲ್ಸ್" ಎನ್ನುತ್ತಿದ್ದರು. ಇಲ್ಲಿ ಬಾಯಿಯೇ ಲ್ಯಾಬು.

ಸ್ಲ್ಯಾಬು ಹಾಕುವ ದಿನ ರಂಜಾನ್ ತಿಂಗಳಲ್ಲಿ ಬಂತು. ಸ್ಲ್ಯಾಬಿನ ಅಡಿಗೆ ಹಾಸುವ ಬಾಡಿಗೆಯ ಸೆಂಟ್ರಿಂಗ್ ಶೀಟುಗಳು ಮರುವಾರ ಬೇರೆ ಕಡೆ ಹೋಗಬೇಕಿದ್ದರಿಂದ ಮುಂದೂಡುವ ಹಾಗಿರಲಿಲ್ಲ. ಕುರುಗೋಡಿನ ಕ್ರಷರ್‌ನಿಂದ ಜಲ್ಲಿ ಮೊದಲೇ ಬಂದಿತ್ತು. ಮರಳು ಬಂದದ್ದು ಅಂದು ಬೆಳಿಗ್ಗೆ. "ಕೆಂಚನಗುಡ್ಡದ ಹೊಳಿದ್ರಿ ಮೇಸ್ತ್ರಿ, ಸಕ್ರಿ ಇದ್ದಂಗ ಐತಿ" ಎಂದು ಟಿಪ್ಪರಿನವನು ಸುರಿದು ಹೊರಟೇಹೋದ. ಮಿಕ್ಸರ್ ಗುಡುಗುತ್ತಿತ್ತು. ಕೊಳಗಲ್ಲಿನಿಂದ ಬಂದ ಆಳುಗಳು ಬಾಂಡ್ಲಿ ಹಿಡಿದು ಸಾಲಾಗಿ ನಿಂತಿದ್ದರು.

ಮೇಸ್ತ್ರಿ ಒಂದು ಹಿಡಿ ಮರಳು ತೆಗೆದುಕೊಂಡು ಕಿವಿಯ ಹತ್ತಿರ ಉಜ್ಜಿದರು. ಅಂಗೈ ಬಿಡಿಸಿ ಮಣ್ಣಿನ ಕಲೆ ಇದೆಯೇ ಎಂದು ನೋಡಿದರು. ಆಮೇಲೆ ಅಭ್ಯಾಸದಂತೆ ಕೈ ಬಾಯಿಯ ಕಡೆ ಹೋಯಿತು, ಅರ್ಧಕ್ಕೇ ನಿಂತಿತು.

"ರೋಜಾ ಅದೀನ್ರಿ ಅಮ್ಮಾರ. ನೀವು ಒಂದೀಟು ನಾಲಿಗಿಗೆ ಇಟ್ಟು ನೋಡ್ರಿ."

"ನಾನಾ?"

"ಉಗುಳಿದ್ರ ರೋಜಾ ಮುರಿಯಂಗಿಲ್ಲ ಅಂತಾರ. ನನ್ನ ಮನಸ್ಸು ಒಪ್ಪವಲ್ದು. ಈ ಆಳುಗಳ ಬಾಯಾಗ ನೋಡಿದ್ರ ಎಲಿ-ಅಡಿಕಿ, ತಂಬಾಕ. ಸ್ವಚ್ಛ ಬಾಯಿ ಅಂದ್ರ ನಿಮ್ಮದ ಒಂದು."

"ಸಕ್ರಿ ಕಡಿಮಿ ಬಿದ್ರ ಹೇಳ್ರಿ ಅಮ್ಮಾರ, ಚಾಕ್ಕ ಹಾಕಿದಂಗ ಹಾಕೂಣು" ಎಂದು ಸಾಲಿನಲ್ಲಿದ್ದ ಹೆಂಗಸೊಬ್ಬಳು ನಗಾಡಿದಳು.

ರಾಶಿಯ ನೆತ್ತಿಯಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟೆ. ತಣ್ಣಗಿನ ಕಲ್ಲಿನ ರುಚಿ, ಬೇರೇನೂ ಇಲ್ಲ. ಉಗುಳಿ, ಬಾಯಿ ಒರೆಸಿಕೊಂಡು, "ಫಸ್ಟ್ ಕ್ಲಾಸ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೆಲಸ ಶುರುವಾಯಿತು.

ಅರ್ಧ ಗಂಟೆ ಕಳೆದಿರಬೇಕು, ತಂಗಿಯ ಫೋನು.

"ಮರಳು ನೋಡಿದ್ಯಾ?"

"ನೋಡಿದೆ. ಟೇಸ್ಟೂ ಮಾಡಿದೆ."

"ಎಲ್ಲಿಂದ ತಗೊಂಡಿ? ಮ್ಯಾಲಿಂದನಾ?" ಹೌದು ಎಂದಾಗ ಅವಳು ಹೇಳಿದಳು: "ಈ ಮನಿ ಕಟ್ಟಿಸ್ವಾಗ ನಮ್ಮನಿಯವರೂ ಮ್ಯಾಲಿಂದನ ನೋಡಿದ್ರು."

ಫೋನು ಕುರ್ಚಿಯ ಮೇಲಿಟ್ಟು ರಾಶಿಯ ಹತ್ತಿರ ಹೋದೆ. ಸಲಿಕೆ ಕಡಿದ ಕಡೆ ಒಳಗಿನ ಮರಳು ಮೇಲಿನದಕ್ಕಿಂತ ತುಸು ಕಪ್ಪಗಿತ್ತು. ನೆನೆದಿರುವುದಕ್ಕೆ ಹಾಗಿರಬಹುದು ಎಂದುಕೊಂಡೆ. ಬಗ್ಗಿ, ಬುಡದಿಂದ ಒಂದು ಚಿಟಿಕೆ ತೆಗೆದೆ. ಉಪ್ಪು. ಇನ್ನೊಂದು ಚಿಟಿಕೆ. ಉಪ್ಪೇ. ಮೂರನೆಯದಕ್ಕೆ ಏನೂ ತಿಳಿಯದಾಯಿತು. ಬಿ.ಪಿ. ಎಂದು ಡಾಕ್ಟರು ಉಪ್ಪು ಬಿಡಿಸಿ ಎಷ್ಟೋ ವರ್ಷಗಳಾಗಿವೆ. ನನ್ನ ಬಾಯಿಗೆ ಟೊಮ್ಯಾಟೊ ಕೂಡ ಉಪ್ಪುಪ್ಪು. ಇಂಥ ನಾಲಿಗೆಯನ್ನು ನಂಬಿ, ಬಿಸಿಲಲ್ಲಿ ಉಪವಾಸವಿದ್ದು ತುಟಿ ಒಣಗಿಸಿಕೊಂಡು ನಿಂತ ಮನುಷ್ಯನ ಕೈಯಿಂದ, ಹಾಕಿದ ಕಾಂಕ್ರೀಟು ತೆಗೆಸುವುದೇ? ಎಲ್ಲರ ಮುಂದೆ ಫಸ್ಟ್ ಕ್ಲಾಸ್ ಅಂದವಳು ನಾನೇ ಅಲ್ಲವೇ? ಏಣಿಯ ಮೇಲೆ ಬಾಂಡ್ಲಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಚೆ ಬದಿಯ ಬೀಮಿನ ಕಂಬಿಗಳು ಆಗಲೇ ಮುಚ್ಚಿಹೋಗಿದ್ದವು.

ದಿಂಬಿನ ಮೇಲೆ ಬಿದ್ದಿದ್ದ ಆ ತುಂಡನ್ನು ನಾನೇ ಎರಡು ಕೈಯಲ್ಲಿ ಎತ್ತಿದ್ದೆ. ಅದರ ಭಾರ ನೆನಪಾಯಿತು.

"ಸ್ಟಾಪ್!" ಎಂದೆ. ಮಿಕ್ಸರಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಬಿಸಿಲಿಗೆಂದು ತಂದಿದ್ದ ಛತ್ರಿಯಿಂದ ಅದರ ಡ್ರಮ್ಮಿಗೆ ಹೊಡೆದೆ, ಮತ್ತೆ ಮತ್ತೆ ಹೊಡೆದೆ. ನಿಂತಿತು.

ಮೇಸ್ತ್ರಿ ಇಳಿದು ಬಂದರು. ನಾನು ರಾಶಿಯ ಬುಡ ತೋರಿಸಿ ನಾಲಿಗೆ ಮುಟ್ಟಿಕೊಂಡೆ. "ಖರೇನ ಉಪ್ಪೈತೇನ್ರಿ?"

"ಐ ಥಿಂಕ್... ಹಾಗೆ ಅನಿಸ್ತದೆ."

"ಅನಿಸ್ತದ ಅಂದ್ರ ಸಾಲಂಗಿಲ್ರಿ ಅಮ್ಮಾರ. ಮಾಲು ಬಿಗಿ ಹಿಡ್ಯಾಕ ಹತ್ತೈತಿ. ಐತಿ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ."

"ಐತಿ" ಎಂದೆ.

ಅವರು ನನ್ನ ಮುಖ ನೋಡಿದರು, ರಾಶಿ ನೋಡಿದರು, ತಿರುಗಿ ಏಣಿ ಹತ್ತಿದರು. "ತಗೀರ್ಲೇ ಎಲ್ಲಾ! ಕಂಬಿ ತೊಳೀರಿ!" ಹಾಕಿದ ಕಾಂಕ್ರೀಟನ್ನೆಲ್ಲ ಕೈಯಿಂದ, ಕರಣೆಯಿಂದ ಕೆರೆದು ಕೆಳಗೆ ಎಸೆದರು. ಪೈಪು ಹಿಡಿದು ಕಂಬಿ ಕಂಬಿಯನ್ನೂ ತೊಳೆದರು. ನಗಾಡಿದ್ದ ಹೆಂಗಸು ಈಗ ನನ್ನ ಕಡೆ ನೋಡಲೂ ಇಲ್ಲ.

ಹೊಳೆಯ ಮರಳು ಇನ್ನು ಅಂದು ಸಿಗುವ ಮಾತಿರಲಿಲ್ಲ. ಕಲ್ಲು ಪುಡಿಮಾಡಿ ತೆಗೆಯುವ ಎಂ-ಸ್ಯಾಂಡನ್ನು ಮೇಸ್ತ್ರಿ ಯಾವತ್ತೂ ಮರಳೆಂದು ಕರೆದವರಲ್ಲ, "ಅದು ಹಿಟ್ಟು" ಎನ್ನುತ್ತಿದ್ದರು. ಈಗ ಅವರೇ ಕುರುಗೋಡಿನ ಕ್ರಷರ್‌ಗೆ ಫೋನು ಮಾಡಿ ಅದನ್ನೇ ತರಿಸಿದರು. ಲೋಡು ಬರುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ್ದ. ಇಳಿಸಿದ ಮೇಲೆ ಬುಡ ಬಗೆಸಿ, ಒಂದು ಚಿಟಿಕೆ ನಾಲಿಗೆಗಿಟ್ಟು, ತಲೆಯಾಡಿಸಿದೆ.

ಬಿಸಿಲು ಕಾದ ತವೆಯಂತಿತ್ತು, ಸಂಜೆಯವರೆಗೆ ಮೇಸ್ತ್ರಿ ಕೆಳಗಿಳಿಯಲಿಲ್ಲ. ನಾನು ಒಳಗೆ ಹೋಗಿ ಬಾಯಿ ಮುಕ್ಕಳಿಸಿದೆ, ಮತ್ತೆ ಬಂದು ಕುಳಿತೆ, ಮತ್ತೆ ಹೋಗಿ ಮುಕ್ಕಳಿಸಿದೆ. ಕೊನೆಗೆ ನಲ್ಲಿಯ ನೀರೂ ಉಪ್ಪಾಗಿ ತೋರಿತು. ಆಗ ನಿಜಕ್ಕೂ ಹೆದರಿದೆ.

ಕೊನೆಯ ಬಾಂಡ್ಲಿ ಸುರಿದು ಮಟ್ಟ ಮಾಡುವ ಹೊತ್ತಿಗೆ ಅಜಾನ್ ಕೇಳಿಸಿತು. ಮೇಸ್ತ್ರಿ ಇಳಿದು ಕೈ ತೊಳೆದು, ಖರ್ಜೂರ ಬಾಯಿಗಿಟ್ಟುಕೊಂಡು, ನಾನು ಕೊಟ್ಟ ಲೋಟದ ನೀರನ್ನು ನಿಧಾನವಾಗಿ ಕುಡಿದರು. ಲೋಟ ಕೆಳಗಿಟ್ಟು ನೆಟ್ಟಗೆ ಬೆಳಗಿನ ರಾಶಿಯ ಹತ್ತಿರ ಹೋದರು. ಮೊಣಕೈವರೆಗೆ ತೋಳನ್ನು ಒಳಗೆ ತೂರಿಸಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟರು.

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಅವರು ಉಗುಳಿದರು. ಬಂದು ಲೋಟ ತುಂಬಿಸಿಕೊಂಡು ಬಾಯಿ ಮುಕ್ಕಳಿಸಿ, ಮತ್ತೊಮ್ಮೆ ಉಗುಳಿದರು.

"ಈ ಗುಡ್ಡಿ ಇಲ್ಲಿ ಇಟ್ಕಾಬ್ಯಾಡ್ರಿ ಅಮ್ಮಾರ. ಮಳಿ ಬಂದ್ರ ನಿಮ್ಮ ಮಲ್ಲಿಗಿ ಬಳ್ಳಿ ಸುಟ್ಟು ಹೋಗ್ತೈತಿ."

ಅಷ್ಟೇ ಹೇಳಿ ನಮಾಜಿಗೆ ಹೋದರು. ನಾನು ತಂಗಿಗೆ ಫೋನು ಮಾಡಿದೆ. ಆಕೆ ಹಲೋ ಎನ್ನಲಿಲ್ಲ.

"ಬುಡದಿಂದ ನೋಡಿದ್ಯಾ?"

"ನೋಡಿದೆ" ಎಂದೆ. "ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ನೀರು ಹೊಡೀಬೇಕು. ಆಮೇಲೆ ನಿನ್ನ ದಿಂಬು ತಗೊಂಡು ಬಾ."