ಜಾಕ್ ಮೇಲಿದ್ದ ಕಾರು ಟೋಲ್ ದಾಟಿದ್ದು

ನಮ್ಮ ಕಾರು ಯಾರೂ ಓಡಿಸದೆ ತಾನೇ ದಿಂಡಿಗಲ್‌ಗೆ ಹೋಯಿತು ಎಂದು ನೆಂಟರು ಮದುವೆಮನೆಗಳಲ್ಲಿ ಹೇಳುತ್ತಾರೆ. ಕೆಲವರು ಕುಲದೇವರನ್ನೇ ಸ್ಟಿಯರಿಂಗ್ ಹಿಂದೆ ಕೂರಿಸುತ್ತಾರೆ. ಸುಳ್ಳು. ಕಾರು ಎಲ್ಲಿಗೂ ಹೋಗಲಿಲ್ಲ. ಮುಂದಿನ ಎಡಚಕ್ರ ಬಿಚ್ಚಿಸಿಕೊಂಡು ಅದು ಅಂಗಳದಲ್ಲಿ ಜಾಕ್ ಮೇಲೆ ನಿಂತಿತ್ತು. ನಾನು ನೋಡುತ್ತಲೇ ಇದ್ದೆ. ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು ನಾನು. ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಸಾಕ್ಷಿ ಎಲ್ಲಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನೆಂಟರ ಕಥೆಯಲ್ಲಿ ನಾನಿಲ್ಲ, ನನ್ನ ಹೊಟ್ಟೆಕಿಚ್ಚೂ ಇಲ್ಲ. ಅದನ್ನು ಬಿಟ್ಟರೆ ಆ ಕಥೆಯಲ್ಲಿ ಉಳಿಯುವುದು ಬರೀ ಕಾರು.

ನಮ್ಮ ಮನೆತನಗಳಲ್ಲಿ ಸೋದರಮಾವನ ಮಗಳಿಗೆ ಮೊದಲ ಹಕ್ಕು. ಹುಡುಗ ಬೇರೆ ಕಡೆಯಿಂದ ಹೆಣ್ಣು ತಂದರೆ, ಹಕ್ಕುಳ್ಳವಳು ಕೈಯಾರೆ ವೀಳ್ಯ ಕೊಟ್ಟು ಅವನನ್ನು ಬಿಟ್ಟುಕೊಡಬೇಕು. ನನ್ನ ಗಂಡ ಮುರುಗೇಶನಿಗೆ ದಿಂಡಿಗಲ್‌ನ ಸೆಲ್ವಿ ಹಾಗೆ ವೀಳ್ಯ ಕೊಟ್ಟಳು. ಓಡೈಪಟ್ಟಿಯಿಂದ ನಾನು ಕಾಮಯಗೌಂಡನ್‌ಪಟ್ಟಿಗೆ ಸೊಸೆಯಾಗಿ ಬಂದೆ. ಮದುವೆಗೆ ಬಂದವರೆಲ್ಲ ಸೆಲ್ವಿಯ ಮನಸ್ಸನ್ನು ಹೊಗಳಿದರು. ನನ್ನ ಗಂಡ ನನಗೆ ಇನ್ನೊಬ್ಬಳು ಕೊಟ್ಟ ದಾನ ಎಂಬಂತಿತ್ತು ಆ ಮಾತು.

ಅವನು ದ್ರಾಕ್ಷಿ ವ್ಯಾಪಾರಿ. ದಿಂಡಿಗಲ್‌ಗೆ ಹೋದಾಗಲೆಲ್ಲ ಸೋದರಮಾವನ ಮನೆಯಲ್ಲೇ ಊಟ. ಮದುವೆಯಾಗದೆ ಉಳಿದು ಮನೆಯಲ್ಲೇ ಹೊಲಿಗೆ ಹಾಕುವ ಸೆಲ್ವಿಯೇ ಬಡಿಸುವುದು. ಹೊಸ ಕಾರು ಬಂದಾಗ ಗಾಜಿಗೆ ಅಂಟಿಸುವ ಫಾಸ್ಟ್ಯಾಗನ್ನು ನನ್ನ ನಂಬರಿಗೆ ಜೋಡಿಸಲು ಹಟ ಹಿಡಿದೆ. ಕಾರು ದಿಂಡಿಗಲ್ ದಾರಿಯಲ್ಲಿ ತೇನಿ ಆಚೆಯ ಟೋಲ್ ದಾಟಿದ ಕೂಡಲೇ ನನ್ನ ಫೋನಿಗೆ ಸಂದೇಶ. ಹೋದದ್ದೆಷ್ಟು ಹೊತ್ತಿಗೆ, ಬಂದದ್ದೆಷ್ಟು ಹೊತ್ತಿಗೆ, ನಡುವೆ ಊಟಕ್ಕೆಷ್ಟು, ಮಾತಿಗೆಷ್ಟು ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ.

“ಗಂಡನ್ನ ಕಾಯಕ್ಕೆ ಸರ್ಕಾರನೇ ಗೇಟ್ ಹಾಕಿ ಕೊಟ್ಟೈತೆ ನಮ್ಮ ಸೊಸೆಗೆ” ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಂದು ಸಲ ಅವನು ಹೇಳದೆ ಅಲ್ಲಿಗೆ ಹೋದರೂ ಸಾಕು, ತವರಿಗೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದೆ.

ಮೂರು ವರ್ಷದ ಹಿಂದೆ, ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿದಿತ್ತು. ಪಂಕ್ಚರಾದ ಚಕ್ರ ಬಿಚ್ಚಿಟ್ಟು ಮುರುಗೇಶ ನಡುಮನೆಯಲ್ಲಿ ಮಲಗಿದ್ದ. ಎಡಗೈಗೆ ಮದರಂಗಿ ಮೆತ್ತಿಕೊಂಡು, ಒಣಗಲಿ ಎಂದು ನಾನು ಜಗಲಿಯಲ್ಲಿ ಕೂತಿದ್ದೆ. ಸೆಲ್ವಿ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಆಗ ಫೋನ್ ಅದುರಿತು. ನಮ್ಮ ಕಾರು ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಟೋಲ್ ದಾಟಿದೆ. ತಲೆ ಎತ್ತಿದೆ. ಕಾರು ಜಾಕ್ ಮೇಲೆ, ಟ್ಯಾಗ್ ಗಾಜಿನ ಮೇಲೆ, ಗಂಡನ ಗೊರಕೆ ಕಿವಿಯಲ್ಲಿ.

ಹೆದರಲಿಲ್ಲ, ಫಾಸ್ಟ್ಯಾಗ್‌ನವರಿಗೆ ದೂರು ಕೊಟ್ಟೆ. ಹಳೆಯ ಸಂದೇಶ ತಡವಾಗಿ ಬಂದಿರಬಹುದೇ? ಹಿಂದಿನ ಪ್ರಯಾಣಗಳ ಸಂದೇಶ ಒಂದೂ ಬಾಕಿಯಿರಲಿಲ್ಲ. ಯಾರೋ ನಮ್ಮ ನಂಬರ್ ಪ್ಲೇಟ್ ಹಾಕಿಕೊಂಡಿರಬಹುದೇ? ಗೇಟು ಓದಿದ್ದು ಪ್ಲೇಟನ್ನಲ್ಲ, ಟ್ಯಾಗನ್ನೇ ಎಂದರು. ಕೊನೆಗೆ ತಪ್ಪಾಗಿ ಕಡಿತವಾದದ್ದು ಎಂದು ಟೋಲ್ ಹಣ ವಾಪಸ್ ಹಾಕಿದರು. ನಾನು ತೀರ್ಪುಗಾರ್ತಿಯಾಗಿದ್ದರೆ ಅಲ್ಲಿಗೆ ವಾದ ಮುಗಿಯಿತು ಎನ್ನುತ್ತಿದ್ದೆ. ಆದರೆ ಹೊಟ್ಟೆಕಿಚ್ಚು ತೀರ್ಪು ಕೇಳುವುದಿಲ್ಲ. ಹಣ ಬಂದ ದಿನವೇ ಮೊದಲ ಬಾರಿ ಸೆಲ್ವಿಗೆ ಫೋನ್ ಮಾಡಿ, ಭಾನುವಾರ ನಿಮ್ಮನೆಗೆ ಯಾರಾದರೂ ಬಂದಿದ್ದರಾ ಎಂದು ಕೇಳಿದೆ.

“ಏನಕ್ಕಾ, ಗೇಲಿ ಮಾಡ್ತೀಯಾ? ನೀನೇ ತಾನೆ ಬಂದಿದ್ದೆ.”

“ನಾನಾ? ನಮ್ಮನೆಯವರ ಜೊತೆಗಾ?”

“ಮಾಮ ಎಲ್ಲಿ ಬಂದ್ರು? ನೀ ಒಬ್ಳೇ. ಕಾರೊಳ್ಗೆ ಕುಂತು ಗಾಜಿಳಿಸಿ ನನ್ನೇ ನೋಡ್ತಿದ್ದೆ. ಒಳಗ್ ಬಾ ಅಂದೆ, ಬಾಯೇ ಬಿಡ್ಲಿಲ್ಲ. ಎಡಗೈ ತುಂಬ ಮದರಂಗಿ. ಏನ್ ಕೋಪವೋ ಅಂತ ನೀರು ತರಕ್ ಒಳಗ್ ಹೋದೆ.”

“ನನಗೆ ಕಾರು ಓಡಿಸೋಕೇ ಬರಲ್ಲ ಸೆಲ್ವಿ.”

“ಅದ್ನೇ ನಾನೂ ನೆನ್ಸಿದೆ. ಯಾವಾಗ ಕಲ್ತಳಪ್ಪಾ ಅಂತ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ, ಭಯವೂ ಇರಲಿಲ್ಲ. ನೆಂಟರು ಬಂದು ಮಾತಾಡದೆ ಹೋದರೆ ಆಗುವ ಬೇಸರ ಮಾತ್ರ ಇತ್ತು. ನಾನು ಫೋನ್ ಇಟ್ಟುಬಿಟ್ಟೆ.

ಗಂಡನೇ ಮದರಂಗಿಯ ವಿಷಯ ಹೇಳಿ ಅವಳಿಂದ ಆಡಿಸಿದ್ದಾನೆ ಎಂದು ವಾದಿಸಬಹುದು. ನಾನೇ ವಾದಿಸಿದ್ದೇನೆ, ಅವನ ಮುಖದ ಮುಂದೆ. ಅವನು ಕಾರಿನ ವಿಷಯವನ್ನಷ್ಟೇ ಊರಿಗೆಲ್ಲ ಹೇಳಿದ. ನೆಂಟರ ಕಥೆ ಹುಟ್ಟಿದ್ದು ಹಾಗೆ. ತವರಿಗೆ ಹೋಗಲು ನನಗೆ ಕಾರಣ ಸಿಗಲಿಲ್ಲ. ಅವನು ಎಲ್ಲಿಗೂ ಹೋಗಿರಲಿಲ್ಲವಲ್ಲ. ಸೆಲ್ವಿಯ ಮಾತು ನಂಬಿದರೆ, ಹೋದವಳು ನಾನು. ಆ ದಿನ ಕಾರು ಹಿಂದಿರುಗಿ ಟೋಲ್ ದಾಟಿದ ಸಂದೇಶ ಈವರೆಗೂ ಬಂದಿಲ್ಲ.

ಕಳೆದ ತಿಂಗಳು ಅತ್ತೆಗೆ ಹುಷಾರಿಲ್ಲವೆಂದು ಸೆಲ್ವಿ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ. ಅವಳು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಮೂರು ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದುದನ್ನು ಕೇಳಿಯೇಬಿಟ್ಟೆ. ಅವಳ ಕೈ ನಿಂತಿತು, ತಲೆ ಮಾತ್ರ ಎತ್ತಲಿಲ್ಲ.

“ಸೆಲ್ವೀ, ಅವತ್ತು ನಾನು ಅಲ್ಲಿಂದ ಹೊರಟದ್ದನ್ನ ನೀನು ಕಣ್ಣಾರೆ ನೋಡಿದ್ಯಾ?”